ಐರ್ಲೆಂಡಿನ ಸೈಕಲ್ ಹಾದಿಗಳಿಗೆ ಏರಿನ ಲೆಕ್ಕವನ್ನೂ ಕೊಡಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಪ್ರವಾಸ ಪುರವಣಿಯಲ್ಲಿ ಐರ್ಲೆಂಡಿನ ಹಳ್ಳಿಗಾಡನ್ನು ಸೈಕಲ್ಲಿನಲ್ಲಿ ಸುತ್ತುವ ಬಗ್ಗೆ ಈಚೆಗೆ ಪ್ರಕಟವಾದ ಲೇಖನವನ್ನು ಎರಡು ಬಾರಿ ಓದಿದೆ. ಇಂಥ ವಿಷಯಕ್ಕೆ ಕನ್ನಡದಲ್ಲಿ ಒಂದು ಪೂರ್ತಿ ಪುಟ ದೊರೆತದ್ದು ನನಗೆ ನಿಜಕ್ಕೂ ಸಂತೋಷ ತಂದಿತು. ಆದ್ದರಿಂದಲೇ ಅದರಲ್ಲಿದ್ದ ಒಂದು ಕೊರತೆಯನ್ನು ತಮ್ಮ ಗಮನಕ್ಕೆ ತರಬೇಕೆನಿಸಿತು. ಲೇಖನದಲ್ಲಿ ಪ್ರತಿ ಹಾದಿಯ ಮುಂದೆಯೂ ಅದರ ಉದ್ದ ಎಷ್ಟು ಕಿಲೋಮೀಟರ್ ಎಂಬುದಿತ್ತು. ಆ ಹಾದಿ ಎಷ್ಟು ಮೀಟರ್ ಏರುತ್ತದೆ, ಏರು ಎಷ್ಟು ಕಡಿದು ಎಂಬುದು ಒಂದರ ಮುಂದೆಯೂ ಇರಲಿಲ್ಲ. ಕೆರಿ ಜಿಲ್ಲೆಯ ಪರ್ಯಾಯ ದ್ವೀಪವೊಂದನ್ನು ಸುತ್ತಿಬರುವ ಹಾದಿಯ ಬಗ್ಗೆ ಬರೆದ ‘ರಿಂಗ್ ಆಫ್ ಕೆರಿ 179 ಕಿ.ಮೀ., ಎರಡು ದಿನಗಳಲ್ಲಿ ಆರಾಮವಾಗಿ ಮುಗಿಸಬಹುದು’ ಎಂಬ ಸಾಲನ್ನು ನಂಬಿ, ರಜೆಗೆಂದು ಅಲ್ಲಿಗೆ ಹೋದ ನಮ್ಮವರು ಯಾರಾದರೂ ಬಾಡಿಗೆಯ ಸೈಕಲ್ಲಿಗೆ ಸಾಮಾನು ಕಟ್ಟಿಕೊಂಡು ಹೊರಟುಬಿಟ್ಟರೆ ಅವರಿಗೆ ಎದುರಾಗುವ ಕಷ್ಟ ಎಂಥದೆಂದು ನಾನು ಸ್ವಂತ ಅನುಭವದಿಂದ ಬಲ್ಲೆ.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ರಸ್ತೆ ಕೆಲಸದಲ್ಲಿದ್ದು ನಿವೃತ್ತನಾದ ಎಂಜಿನಿಯರ್. ಅದರಲ್ಲಿ ಬಹುಪಾಲು ಘಟ್ಟದ ರಸ್ತೆಗಳಲ್ಲೇ ಕಳೆಯಿತು. ಮಗಳು ಕೆಲಸದ ನಿಮಿತ್ತ ಐರ್ಲೆಂಡಿನ ಕಾರ್ಕ್ ನಗರದಲ್ಲಿ ನೆಲೆಸಿರುವುದರಿಂದ ಮೂರು ಬಾರಿ ಅಲ್ಲಿಗೆ ಹೋಗಿ, ಪ್ರತಿ ಸಲವೂ ಕೆಲವು ವಾರ ಅವಳೊಂದಿಗೆ ಸೈಕಲ್ ತುಳಿದಿದ್ದೇನೆ. ಮೊದಲ ವರ್ಷ ನಾನೇ ಹಾದಿ ಗೊತ್ತುಮಾಡಿದೆ, ಅದೂ ಕಿಲೋಮೀಟರ್ ನೋಡಿ. ಕೆನ್‌ಮೇರ್ ಊರಿನಿಂದ ಹೊರಟು ಲೋರಾ, ಹೀಲಿ ಪಾಸ್, ಆಡ್ರಿಗೋಲ್, ಗ್ಲೆಂಗ್ಯಾರಿಫ್‌ಗಳನ್ನು ಹಾದು, ಕಾಹಾ ಪಾಸ್ ದಾಟಿ ಮತ್ತೆ ಕೆನ್‌ಮೇರ್ ಸೇರುವ ಸುತ್ತು ಅದು; ಒಟ್ಟು ಸುಮಾರು 85 ಕಿ.ಮೀ. ಊರಲ್ಲಿ ಅಷ್ಟು ದೂರವನ್ನು ಮಧ್ಯಾಹ್ನದ ಊಟದೊಳಗೆ ಮುಗಿಸಿದವನು ನಾನು. ಅಲ್ಲಿ ಸೆಪ್ಟೆಂಬರಿನ ಒಂದು ದಿನ ಬೆಳಗ್ಗೆ ಹತ್ತೂವರೆಗೆ ಹೊರಟವರು ಸಂಜೆ ಕತ್ತಲಾದರೂ ಎರಡನೆಯ ಘಟ್ಟದ ಮೇಲೇ ಇದ್ದೆವು. ಕಾರ್ಕ್ ಮತ್ತು ಕೆರಿ ಜಿಲ್ಲೆಗಳ ಗಡಿಯಲ್ಲಿ ಆ ರಸ್ತೆ ಬಂಡೆ ಕೊರೆದ ಸುರಂಗಗಳ ಮೂಲಕ ಹಾಯುತ್ತದೆ. 19ನೆಯ ಶತಮಾನದ ಮೊದಲರ್ಧದಲ್ಲಿ ಕೈಯಿಂದ ಕೊರೆದ ಆ ಒರಟು ಕಲ್ಲಿನ ಗೋಡೆಗಳನ್ನು ಹಗಲಿನಲ್ಲಿ ನೋಡಿದ್ದರೆ ನಾನು ಗಂಟೆಗಟ್ಟಲೆ ನಿಂತುಬಿಡುತ್ತಿದ್ದೆ. ಅಂದು ನಮ್ಮಿಬ್ಬರ ನಡುವೆ ಇದ್ದದ್ದು ಒಂದೇ ಸಣ್ಣ ದೀಪ. ವ್ಯಾನಿನಲ್ಲಿ ಬರುತ್ತಿದ್ದ ರೈತ ದಂಪತಿ ನಮ್ಮನ್ನು ಕಂಡು, ಏನನ್ನೂ ಕೇಳದೆ, ಎಚ್ಚರಿಕೆಯ ದೀಪಗಳನ್ನು ಮಿನುಗಿಸುತ್ತಾ ಬೊನಾನ್ ಹಳ್ಳಿಯವರೆಗೂ ನಮ್ಮ ಹಿಂದೆಯೇ ನಿಧಾನವಾಗಿ ಬಂದರು. ಅವರಿಬ್ಬರ ಉಪಕಾರವನ್ನು ನಾನು ಇಂದಿಗೂ ನೆನೆಯುತ್ತೇನೆ. ಎಲ್ಲ ಓದುಗರಿಗೂ ಅಂಥವರು ಸಿಕ್ಕೇ ಸಿಗುತ್ತಾರೆಂದು ಮಾತ್ರ ಹೇಳಲಾರೆ.

ಐರ್ಲೆಂಡಿನ ಗುಡ್ಡಗಳ ಎತ್ತರವೇ ನಮ್ಮವರನ್ನು ದಾರಿ ತಪ್ಪಿಸುತ್ತದೆ. ಅಲ್ಲಿನ ಅತ್ಯುನ್ನತ ಶಿಖರ ಕ್ಯಾರನ್‌ಟೂಹಿಲ್‌ನ ಎತ್ತರ 1038 ಮೀಟರ್. ನಮ್ಮ ಮಡಿಕೇರಿ ಪೇಟೆಯೇ ಅದಕ್ಕಿಂತ ಎತ್ತರದಲ್ಲಿದೆ. ಮುಳ್ಳಯ್ಯನಗಿರಿಯನ್ನು ಕಂಡವರಿಗೆ ಅದು ಗುಡ್ಡವೆಂದೂ ಅನ್ನಿಸಲಿಕ್ಕಿಲ್ಲ. ಆದರೆ ಆ ಸೀಮೆಯ ರಸ್ತೆಗಳು ಸಮುದ್ರದ ಮಟ್ಟದಿಂದಲೇ ಏಳುತ್ತವೆ, ಏರಿದ್ದನ್ನು ಕೂಡಲೇ ಇಳಿದು ಮತ್ತೊಂದು ಕೊಲ್ಲಿಯ ದಡ ಮುಟ್ಟಿ ಪುನಃ ಏಳುತ್ತವೆ. ನಮ್ಮ ಘಟ್ಟವನ್ನು ಒಮ್ಮೆ ಹತ್ತಿದರೆ ಮೇಲೆ ಮಲೆನಾಡಿನ ನೆಲ ಸಿಗುತ್ತದೆ; ಅಲ್ಲಿ ಹತ್ತಿದ ಫಲ ಅರ್ಧ ಗಂಟೆಯೂ ಕೈಯಲ್ಲಿ ನಿಲ್ಲುವುದಿಲ್ಲ. ಹಿಮಯುಗದ ನೀರ್ಗಲ್ಲುಗಳು ಕಣಿವೆಗಳ ಪಕ್ಕೆಗಳನ್ನು ಸವೆಸಿ ಕಡಿದಾಗಿಸಿರುವುದರಿಂದ, ಕಣಿವೆಯ ತಳದಲ್ಲಿ ಸರಾಗವಾಗಿ ಸಾಗುವ ರಸ್ತೆ ಕೊನೆಯ ಒಂದೆರಡು ಕಿಲೋಮೀಟರಿನಲ್ಲಿ ಇದ್ದಕ್ಕಿದ್ದಂತೆ ಎದ್ದು ನಿಲ್ಲುತ್ತದೆ.

ಇದನ್ನು ಲೆಕ್ಕದಲ್ಲಿಯೇ ಹೇಳುವುದಾದರೆ, ಸವಾರನ ತೂಕ 75 ಕಿಲೋ, ಸೈಕಲ್ಲು ಮತ್ತು ಸಾಮಾನು 25 ಕಿಲೋ ಎಂದಿಟ್ಟುಕೊಳ್ಳೋಣ. ಈ 100 ಕಿಲೋ ಭಾರವನ್ನು 300 ಮೀಟರ್ ಎತ್ತರಕ್ಕೆ ಒಯ್ಯಲು ಸುಮಾರು 2,94,000 ಜೂಲ್ ಶಕ್ತಿ ಬೇಕು. ಪಳಗಿದ ಕ್ರೀಡಾಪಟುವಲ್ಲದ ಸಾಮಾನ್ಯ ಮನುಷ್ಯ ದೀರ್ಘಕಾಲ ತುಳಿಯುತ್ತಾ 100 ವಾಟ್ ಆಸುಪಾಸಿನ ಶಕ್ತಿಯನ್ನು ಕೊಡಬಲ್ಲ. ಅಂದರೆ, ಗಾಳಿಯ ತಡೆಯನ್ನೂ ಚಕ್ರದ ಘರ್ಷಣೆಯನ್ನೂ ಬದಿಗಿಟ್ಟರೂ, ಆ ಒಂದು ಏರಿಗೇ 49 ನಿಮಿಷ ಬೇಕು. ಅಷ್ಟು ಹೊತ್ತಿನಲ್ಲಿ ಬಯಲುಸೀಮೆಯಲ್ಲಿ ಹದಿನೈದು ಕಿಲೋಮೀಟರ್ ದಾಟಬಹುದಿತ್ತು. ಏರಿನ ಕಡಿದು ಇದಕ್ಕಿಂತಲೂ ಮುಖ್ಯ. ಶೇ 5ರ ಏರಿನಲ್ಲಿ, ಎಂದರೆ 20 ಮೀಟರ್ ಸಾಗಿದಾಗ 1 ಮೀಟರ್ ಮೇಲೇರುವಲ್ಲಿ, ಇದೇ ಶಕ್ತಿಗೆ ಗಂಟೆಗೆ ಏಳು ಕಿಲೋಮೀಟರಿನ ವೇಗ ಸಿಗುತ್ತದೆ. ಶೇ 10ರಲ್ಲಿ ಅದು ನಾಲ್ಕಕ್ಕಿಂತ ಕೆಳಗಿಳಿಯುತ್ತದೆ, ಆ ವೇಗದಲ್ಲಿ ಹ್ಯಾಂಡಲ್ ನೆಟ್ಟಗೆ ಹಿಡಿಯುವುದೇ ಕಷ್ಟ, ಇಳಿದು ತಳ್ಳಬೇಕಾಗುತ್ತದೆ. ನಮ್ಮಲ್ಲಿ ಬೆಟ್ಟಪ್ರದೇಶದ ಹೆದ್ದಾರಿಗಳನ್ನು ಶೇ 5ರ ಏರಿಗೆ ಹೊಂದಿಸಿ ರೂಪಿಸುವುದು ನಿಯಮ. ಐರ್ಲೆಂಡಿನ ಹಳೆಯ ಗುಡ್ಡದ ಹಾದಿಗಳು ಇಂಥ ನಿಯಮಗಳಿಗಿಂತ ಹಿಂದಿನವು.

ಹಾಗಾದರೆ ಅಪರಿಚಿತ ದೇಶದ ಅಪರಿಚಿತ ರಸ್ತೆಯೊಂದರ ಏರು ಹೇಗಿದ್ದೀತೆಂದು ಮೊದಲೇ ಊಹಿಸುವುದು ಹೇಗೆ? ಮೂರು ವರ್ಷಗಳ ತಿರುಗಾಟದಲ್ಲಿ ನನಗೆ ಗೊತ್ತಾದ ಸಂಗತಿಯೆಂದರೆ, ಆ ರಸ್ತೆಯನ್ನು ಯಾರು, ಯಾವುದಕ್ಕಾಗಿ ಮಾಡಿದರು ಎಂದು ತಿಳಿದರೆ ಏರಿನ ಗುಣ ಮುಕ್ಕಾಲು ಪಾಲು ತಿಳಿದಂತೆಯೇ. ಈ ಮಾತನ್ನು ಸ್ವಲ್ಪ ವಿವರವಾಗಿ ಬರೆಯಲು ಅವಕಾಶ ಕೊಡಬೇಕಾಗಿ ವಿನಂತಿ.

ಡಬ್ಲಿನ್‌ನ ದಕ್ಷಿಣಕ್ಕಿರುವ ವಿಕ್ಲೋ ಬೆಟ್ಟಗಳ ನಡುವೆ ‘ಮಿಲಿಟರಿ ರೋಡ್’ ಎಂಬ ರಸ್ತೆಯಿದೆ. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ 1798ರ ಬಂಡಾಯ ಸೋತ ಮೇಲೂ ಮೈಕೆಲ್ ಡ್ವಯರ್ ಮತ್ತು ಅವನ ಸಂಗಡಿಗರು ಆ ಬೆಟ್ಟಗಳಲ್ಲಿ ಅಡಗಿ ವರ್ಷಗಟ್ಟಲೆ ಹೋರಾಡಿದರು. ಅವರನ್ನು ಹಿಡಿಯಲು ಸೈನ್ಯಕ್ಕೆ ದಾರಿಯೇ ಇರಲಿಲ್ಲ. ಆದುದರಿಂದ 1800ರಲ್ಲಿ ಆರಂಭಿಸಿ 1809ರಲ್ಲಿ ಮುಗಿಸಿದ ಈ ರಸ್ತೆಯನ್ನು ಸ್ಕಾಟ್ಲೆಂಡ್ ಮೂಲದ ಎಂಜಿನಿಯರ್ ಅಲೆಕ್ಸಾಂಡರ್ ಟೇಲರ್ ರೂಪಿಸಿದರು. ಡ್ವಯರ್ 1803ರ ಡಿಸೆಂಬರಿನಲ್ಲಿಯೇ ಶರಣಾಗಿದ್ದರೂ ಕೆಲಸ ನಿಲ್ಲಲಿಲ್ಲ. ರಾಥ್‌ಫಾರ್ನಮ್‌ನಿಂದ ಹೊರಟು ಗ್ಲೆನ್‌ಕ್ರೀ, ಲಾರಾ, ಡ್ರಮ್‌ಗಾಫ್‌ಗಳನ್ನು ಹಾದು ಆಖವ್ಯಾನಾದವರೆಗೆ ಹೋಗುವ ಆ ದಾರಿಯುದ್ದಕ್ಕೂ ಸೈನಿಕರ ಠಾಣೆಗಳಿದ್ದವು. ಸಾಮಾನು ತುಂಬಿದ ಬಂಡಿಗಳನ್ನು ಕುದುರೆಗಳು ಎಳೆಯಬೇಕಿದ್ದರಿಂದ ಟೇಲರ್ ಅವರು ಏರನ್ನು ಹಿಡಿತದಲ್ಲಿಟ್ಟುಕೊಂಡಿದ್ದಾರೆ. ಕುದುರೆ ಏರಬಲ್ಲ ರಸ್ತೆಯನ್ನು ಸೈಕಲ್ ಸವಾರನೂ ಏರಬಲ್ಲ. ದೂರದಿಂದ ಬೆಟ್ಟದ ಮೈಮೇಲೆ ಎಳೆದ ಗೆರೆಯಂತೆ ಕಾಣುವ ಆ ರಸ್ತೆಯನ್ನು ನೋಡಿ, ಇನ್ನೂರು ವರ್ಷದ ಹಿಂದಿನ ಆ ಎಂಜಿನಿಯರರಿಗೆ ನಾನು ಮನಸ್ಸಿನಲ್ಲಿಯೇ ಕೈಮುಗಿದೆ. ಯಾಕಾಗಿ ಕಟ್ಟಿದರೆಂಬುದು ಸಂತೋಷದ ಕಥೆಯಲ್ಲ; ಕೆಲಸ ಮಾತ್ರ ಉತ್ತಮವಾದದ್ದು.

ಆ ಹಾದಿಯ ನಡುಭಾಗ ಸ್ಯಾಲಿ ಗ್ಯಾಪ್. ಸುಮಾರು 500 ಮೀಟರ್ ಎತ್ತರದ ನಾಲ್ಕು ದಾರಿ ಕೂಡುವ ಜಾಗ. ಸುತ್ತ ಕಣ್ಣು ಹಾಯುವಷ್ಟು ದೂರವೂ ಕಂದು ಬಣ್ಣದ ಜೌಗು ನೆಲ. ಒಂದು ಮರವಿಲ್ಲ, ಒಂದು ಮನೆಯಿಲ್ಲ, ಚಹಾ ಅಂಗಡಿಯಂತೂ ಇಲ್ಲವೇ ಇಲ್ಲ. ಡಬ್ಲಿನ್ ನಗರದ ನಡುವೆ ಹರಿಯುವ ಲಿಫ್ಫಿ ನದಿ ಹುಟ್ಟುವುದು ಇದರ ಹತ್ತಿರದಲ್ಲೇ. ಸಮುದ್ರ ಇಪ್ಪತ್ತು ಕಿಲೋಮೀಟರಿಗೂ ಕಡಿಮೆ ದೂರದಲ್ಲಿದ್ದರೂ ಆ ನದಿ ಪಶ್ಚಿಮಕ್ಕೆ ಬಳಸಿ ಸುಮಾರು 130 ಕಿ.ಮೀ. ಹರಿದು ಅದನ್ನು ಸೇರುತ್ತದೆ. ಜೌಗಿನ ಮೇಲೆ ಹಾಕಿದ ರಸ್ತೆ ಅಲ್ಲಲ್ಲಿ ಕುಸಿದು ಅಲೆಅಲೆಯಾಗಿರುವುದರಿಂದ ಇಳಿಜಾರಿನಲ್ಲಿ ವೇಗ ಬಿಡಬಾರದು. ಮುಂದೆ ಗ್ಲೆನ್‌ಮ್ಯಾಕ್ನಾಸ್ ಜಲಪಾತದ ಪಕ್ಕದಲ್ಲಿ ಇಳಿದು ಲಾರಾ ಸೇರಿದರೆ, ಸಂತ ಕೆವಿನ್ 6ನೆಯ ಶತಮಾನದಲ್ಲಿ ನೆಲೆನಿಂತ ಗ್ಲೆಂಡಲಾಖ್ ಮಠದ ಅವಶೇಷಗಳು ಕೂಗಳತೆಯಲ್ಲಿವೆ. ಅಲ್ಲಿಂದ ಪಶ್ಚಿಮಕ್ಕೆ ವಿಕ್ಲೋ ಗ್ಯಾಪ್ ಏರುವ ರಸ್ತೆಯಲ್ಲಿ 1998ರ ಟೂರ್ ದ ಫ್ರಾನ್ಸ್ ಸ್ಪರ್ಧೆಯ ಸವಾರರು ಹಾದುಹೋದರು; ಆ ವರ್ಷ ಸ್ಪರ್ಧೆ ಆರಂಭವಾದದ್ದೇ ಡಬ್ಲಿನ್‌ನಲ್ಲಿ. ಅದೇ ಏರಿನ ತುದಿಯಲ್ಲಿ ಟರ್ಲಕ್ ಹಿಲ್ ವಿದ್ಯುತ್ ಕೇಂದ್ರವಿದೆ. ಬೇಡಿಕೆ ಕಡಿಮೆಯಿರುವ ರಾತ್ರಿ ಕೆಳಗಿನ ಸರೋವರದ ನೀರನ್ನು ಬೆಟ್ಟದ ತುದಿಯ ಜಲಾಶಯಕ್ಕೆ ಎತ್ತಿ, ಹಗಲು ಬಿಟ್ಟು 292 ಮೆಗಾವಾಟ್‌ವರೆಗೆ ವಿದ್ಯುತ್ ತೆಗೆಯುವ, 1974ರಲ್ಲಿ ಪೂರ್ಣಗೊಂಡ ಈ ಯೋಜನೆ ಆ ದೇಶದಲ್ಲಿ ಇಂಥದ್ದು ಒಂದೇ. ಎತ್ತರಕ್ಕೆ ಏರಿಸಿದ ಭಾರದಲ್ಲಿ ಶಕ್ತಿ ಹೇಗೆ ಕೂಡಿರುತ್ತದೆಂಬುದು ಅಷ್ಟು ಹೊತ್ತು ಸೈಕಲ್ ತುಳಿದು ಬಂದವನಿಗೆ ಯಾರೂ ವಿವರಿಸಬೇಕಾಗಿಲ್ಲ.

ಮಿಲಿಟರಿ ರೋಡಿನ ದಕ್ಷಿಣ ಭಾಗದಲ್ಲಿ ಗ್ಲೆನ್‌ಮಲ್ಯೂರ್ ಕಣಿವೆಗೆ ಇಳಿಯುವ ಮುನ್ನ ಷೇ ಎಲಿಯಟ್ ಅವರ ಸ್ಮಾರಕದ ಕಲ್ಲೊಂದಿದೆ. 1963ರಲ್ಲಿ ಟೂರ್ ದ ಫ್ರಾನ್ಸಿನಲ್ಲಿ ಮುನ್ನಡೆಯಲ್ಲಿರುವ ಸವಾರ ತೊಡುವ ಹಳದಿ ಅಂಗಿಯನ್ನು ತೊಟ್ಟ ಮೊದಲ ಐರಿಷ್ ಸವಾರ ಅವರು. ಭಾನುವಾರ ಬೆಳಗ್ಗೆ ಆ ಕಲ್ಲಿನ ಬಳಿ ನಿಂತರೆ ಹದಿನಾರರ ಹುಡುಗಿಯರಿಂದ ಎಪ್ಪತ್ತರ ಮುದುಕರವರೆಗೆ ಎಲ್ಲರೂ ಉಸಿರು ಬಿಡುತ್ತಾ ಬಂದು, ಒಂದು ಕ್ಷಣ ಕಾಲೂರಿ, ತಲೆಯಾಡಿಸಿ ಮುಂದೆ ಹೋಗುವುದು ಕಾಣುತ್ತದೆ.

ಎರಡನೆಯ ಬಗೆಯ ರಸ್ತೆಗಳ ಬಗ್ಗೆ ಬರೆಯುವಾಗ ಮನಸ್ಸು ಭಾರವಾಗುತ್ತದೆ. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಆರಂಭವಾದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಉಚಿತವಾಗಿ ಅನ್ನ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆಂಬ ವಾದದಿಂದ ಅಂದಿನ ಸರ್ಕಾರ ಹಸಿದವರನ್ನು ರಸ್ತೆ ಕೆಲಸಕ್ಕೆ ಹಚ್ಚಿತು. 1847ರ ಮಾರ್ಚ್ ಹೊತ್ತಿಗೆ ಏಳು ಲಕ್ಷಕ್ಕೂ ಹೆಚ್ಚು ಜನ, ಹೆಂಗಸರೂ ಮಕ್ಕಳೂ ಸೇರಿ, ಕಲ್ಲು ಒಡೆಯುತ್ತಿದ್ದರು. ಬೇರಾ ಪರ್ಯಾಯ ದ್ವೀಪದಲ್ಲಿ ಆಡ್ರಿಗೋಲ್ ಮತ್ತು ಲೋರಾಗಳ ನಡುವಿನ ಹೀಲಿ ಪಾಸ್ ರಸ್ತೆಯನ್ನು ಕಡಿಯಲು ತೊಡಗಿದ್ದು ಹೀಗೆ, 1847ರಲ್ಲಿ. ಇಂದಿನ ಹೆಸರು ಬಂದದ್ದು ಬಹಳ ಕಾಲದ ಮೇಲೆ, ಐರಿಷ್ ಮುಕ್ತ ರಾಜ್ಯದ ಮೊದಲ ಗವರ್ನರ್ ಜನರಲ್ ಟಿಮ್ ಹೀಲಿ ಅವರಿಂದ. ದಕ್ಷಿಣದ ಕಡೆ ಆ ರಸ್ತೆ ಹಾವಿನಂತೆ ಸುತ್ತುಸುತ್ತಿ 334 ಮೀಟರಿನವರೆಗೆ ಏರುತ್ತದೆ. ಛಾಯಾಚಿತ್ರಗಳಲ್ಲಿ ಭಯಂಕರವಾಗಿ ಕಂಡರೂ ತಿರುವುಗಳು ಏರನ್ನು ಹಂಚಿಕೊಂಡಿರುವುದರಿಂದ ಸಣ್ಣ ಗೇರಿನಲ್ಲಿ ಕುಳಿತೇ ತುಳಿಯಬಹುದು. ತುದಿಯಲ್ಲಿ ನಿಂತರೆ ಒಂದು ಕಡೆ ಬ್ಯಾಂಟ್ರಿ ಕೊಲ್ಲಿ, ಇನ್ನೊಂದು ಕಡೆ ಗ್ಲಾನ್‌ಮೋರ್ ಸರೋವರ. ತಮ್ಮ ಲೇಖನದಲ್ಲಿ ಈ ಹಾದಿಯನ್ನು ‘ಫೋಟೊ ತೆಗೆಯಲು ಸುಂದರ ತಾಣ’ ಎಂದಷ್ಟೇ ಬರೆಯಲಾಗಿತ್ತು. ಬರಗಾಲದ ಕಾಮಗಾರಿ ಎಂಬ ಮಾತನ್ನು ನಮ್ಮ ಬಯಲುಸೀಮೆಯ ಓದುಗರು ಚೆನ್ನಾಗಿ ಬಲ್ಲರು. ಅವರಿಗೆ ಆ ರಸ್ತೆಯ ಹುಟ್ಟಿನ ಕಥೆಯನ್ನು ಎರಡು ಸಾಲಿನಲ್ಲಾದರೂ ಹೇಳಬೇಕಿತ್ತು.

ಇನ್ನು ಕುದುರೆಗಾಡಿಗಳಿಗೆಂದು ಕಟ್ಟಿದ ಹೆದ್ದಾರಿಗಳು ಎಲ್ಲಕ್ಕಿಂತ ಸೌಮ್ಯ. ಕಿಲಾರ್ನಿಯಿಂದ ಕೆನ್‌ಮೇರ್‌ಗೆ ಹೋಗುವ ಹಾದಿಯ ಮಾಲ್ಸ್ ಗ್ಯಾಪ್ ಇದಕ್ಕೆ ಉದಾಹರಣೆ. 1820ರ ದಶಕದಲ್ಲಿ ಆ ರಸ್ತೆ ಕಟ್ಟುವಾಗ ಮಾಲ್ ಎಂಬ ಹೆಂಗಸು ಕೆಲಸಗಾರರಿಗಾಗಿ ಅಲ್ಲೊಂದು ಪರವಾನಗಿಯಿಲ್ಲದ ಮದ್ಯದಂಗಡಿ ಇಟ್ಟಿದ್ದಳಂತೆ, ಘಟ್ಟಕ್ಕೆ ಅವಳ ಹೆಸರೇ ನಿಂತಿತು. ಏರು ಉದ್ದವಾಗಿದ್ದರೂ ಮೊದಲ ದಿನ ಗುಡ್ಡ ಹತ್ತುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ದನಗಳ ದಾರಿಯಲ್ಲಿ. ಐರಿಷ್ ಭಾಷೆಯಲ್ಲಿ ರಸ್ತೆಗೆ ‘ಬೋಹರ್’ ಎನ್ನುತ್ತಾರೆ. ‘ಬೋ’ ಎಂದರೆ ಹಸು. ಒಂದು ಹಸು ಉದ್ದಕ್ಕೂ ಇನ್ನೊಂದು ಅಡ್ಡಕ್ಕೂ ನಿಲ್ಲುವಷ್ಟು ಅಗಲವಿದ್ದರೆ ಅದು ಬೋಹರ್ ಎಂದು ಸಾವಿರ ವರ್ಷಕ್ಕೂ ಹಿಂದಿನ ಐರಿಷ್ ನಿಘಂಟೊಂದು ಹೇಳುತ್ತದೆ. ಅದಕ್ಕಿಂತ ಕಿರಿದಾದ ಓಣಿ ‘ಬೊಹರೀನ್’. ಎರಡೂ ಕಡೆ ಮಣ್ಣಿನ ದಿಬ್ಬ, ಅದರ ಮೇಲೆ ಬೇಲಿ, ನಡುವೆ ಹುಲ್ಲಿನ ಪಟ್ಟಿ. ಕೊಡಗಿನ ಓಣಿಗಳಲ್ಲಿ ನಡೆದವರಿಗೆ ಆ ನೋಟ ಹೊಸದಲ್ಲ. ಹಸುವಿಗೂ ಕುರಿಗೂ ಏರು ಲೆಕ್ಕಕ್ಕಿಲ್ಲದ್ದರಿಂದ ಈ ದಾರಿಗಳು ತಿರುಗದೆ ನೇರವಾಗಿ ಗುಡ್ಡ ಹತ್ತುತ್ತವೆ. ಕೆರಿಯ ಬಲಾಬೀಮಾ ಘಟ್ಟದ ಕೊನೆಯ ಭಾಗವನ್ನು ನಾನು ಸೈಕಲ್ಲಿನಿಂದ ಇಳಿದು ತಳ್ಳಿಕೊಂಡೇ ದಾಟಿದೆ. ದೇಶದ ಉತ್ತರ ತುದಿಯ ಮಾಮೋರ್ ಘಟ್ಟವೂ ಹೀಗೆ ತಿರುವಿಲ್ಲದೆ ನೆಟ್ಟಗೆ ಏರುವಂಥದ್ದು. ನಕ್ಷೆಯಲ್ಲಿ ‘ಬಲಾ’, ‘ಮಾಮ್’, ‘ಬಾರ್ನಾ’ ಎಂದು ಹೆಸರು ಆರಂಭವಾದರೆ ಅದು ಘಟ್ಟ ಅಥವಾ ಕಣಿವೆಯ ಸಂದು ಎಂದೇ ತಿಳಿಯಬೇಕು. ಹೆಸರು ಓದಬಲ್ಲವನಿಗೆ ಆ ದೇಶದ ನಕ್ಷೆ ಅರ್ಧ ಎಚ್ಚರಿಕೆಯನ್ನು ತಾನೇ ಕೊಡುತ್ತದೆ.

ಹಾಗೆಂದು ಬಲಾಬೀಮಾವನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ನಿಜ ಹೇಳಬೇಕೆಂದರೆ, ರಿಂಗ್ ಆಫ್ ಕೆರಿಯ ಹೊರಸುತ್ತನ್ನು ಬಿಟ್ಟು ಆ ಪರ್ಯಾಯ ದ್ವೀಪದ ಒಳದಾರಿಗಳನ್ನು ಹಿಡಿಯಿರಿ ಎಂಬುದೇ ನನ್ನ ಸಲಹೆ. ಹೊರಸುತ್ತಿನಲ್ಲಿ ಬೇಸಗೆಯುದ್ದಕ್ಕೂ ಪ್ರವಾಸಿ ಬಸ್ಸುಗಳ ಸಾಲು. ಇಕ್ಕಟ್ಟಾದ ರಸ್ತೆಯಲ್ಲಿ ಎದುರುಬದುರಾಗಿ ಸಿಕ್ಕಿಕೊಳ್ಳಬಾರದೆಂದು ಅವೆಲ್ಲವೂ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತುವ ವಾಡಿಕೆಯಿದೆ. ಒಳದಾರಿಗಳಲ್ಲಿ ಗಂಟೆಗೆ ಒಂದು ವಾಹನ ಬಂದರೆ ಹೆಚ್ಚು. ಮಾಲ್ಸ್ ಗ್ಯಾಪಿನಿಂದ ಬ್ಲ್ಯಾಕ್ ವ್ಯಾಲಿಗೆ ಇಳಿದರೆ, 1970ರ ದಶಕದಲ್ಲಿ ಮಾತ್ರ ವಿದ್ಯುತ್ ಕಂಡ ಆ ಕಣಿವೆಯ ಮೌನ ಕಿವಿಗೆ ತಾಕುತ್ತದೆ. ಅಲ್ಲಿಂದ ಡನ್‌ಲೋ ಕಣಿವೆಯ ಸಂದಿಯಲ್ಲಿ ಏರಿ ಆಚೆ ಇಳಿಯುವ ದಾರಿಯಲ್ಲಿ ಪ್ರವಾಸಿಗರನ್ನು ಹೊತ್ತ ಕುದುರೆಗಾಡಿಗಳು ಬರುವುದರಿಂದ ಬೆಳಗ್ಗೆ ಬೇಗನೆ ದಾಟುವುದು ಒಳ್ಳೆಯದು. ದೂರ ಕಡಿಮೆ, ಏರು ಹೆಚ್ಚು. ದಿನಕ್ಕೆ 45 ಕಿ.ಮೀ. ಸಾಕು, ಇಂಥ ಹಾದಿಯಲ್ಲಿ ಅದಕ್ಕಿಂತ ಹೆಚ್ಚು ಹೋದವನು ನೋಡುವುದು ಮುಂದಿನ ಚಕ್ರವನ್ನು ಮಾತ್ರ.

ಏರನ್ನೇ ಬಯಸದವರಿಗೆ, ಮಕ್ಕಳೊಡನೆ ಹೋಗುವವರಿಗೆ, ಮುಚ್ಚಿದ ರೈಲುಮಾರ್ಗಗಳ ಮೇಲೆ ಮಾಡಿದ ಗ್ರೀನ್‌ವೇಗಳಿವೆ. ರೈಲು ಕಡಿದಾದ ಏರನ್ನು ಹತ್ತಲಾರದು. ಆದ್ದರಿಂದ ಗುಡ್ಡಗಾಡಿನ ನಡುವೆಯೂ ಆ ಹಾದಿಗಳು ಮಟ್ಟಸ. 1937ರಲ್ಲಿ ನಿಂತುಹೋದ ರೈಲಿನ ಜಾಡಿನಲ್ಲಿ ವೆಸ್ಟ್‌ಪೋರ್ಟ್‌ನಿಂದ ಅಕಿಲ್‌ವರೆಗೆ 42 ಕಿ.ಮೀ., ವಾಟರ್‌ಫರ್ಡ್‌ನಿಂದ ಡಂಗಾರ್ವನ್‌ವರೆಗೆ 2017ರಲ್ಲಿ ತೆರೆದ 46 ಕಿ.ಮೀ. ಇವೆರಡನ್ನೂ ಬಲ್ಲೆ.

ಡಂಗಾರ್ವನ್‌ನಿಂದ ಹೆಚ್ಚು ದೂರವಿಲ್ಲದ ಲಿಸ್ಮೋರ್ ಊರಿನ ಹೆಸರು ತಮ್ಮ ಲೇಖನದಲ್ಲಿ ಎಲ್ಲೂ ಬರಲಿಲ್ಲ. ಕನ್ನಡ ಪತ್ರಿಕೆಯೊಂದು ಐರ್ಲೆಂಡಿನ ಸೈಕಲ್ ಹಾದಿಗಳ ಬಗ್ಗೆ ಬರೆಯುವಾಗ ಮೊದಲು ಹೇಳಬೇಕಾದ ಊರು ಅದು ಎಂದು ನಾನು ಭಾವಿಸುತ್ತೇನೆ. 1931ರಲ್ಲಿ ಅಲ್ಲಿ ಹುಟ್ಟಿದ ಡರ್ವ್ಲಾ ಮರ್ಫಿ ಅವರಿಗೆ ಹತ್ತನೆಯ ಹುಟ್ಟುಹಬ್ಬಕ್ಕೆ ಒಂದು ಹಳೆಯ ಸೈಕಲ್ಲೂ ಒಂದು ಭೂಪಟದ ಪುಸ್ತಕವೂ ಉಡುಗೊರೆಯಾಗಿ ಬಂದವು. ಕೆಲವೇ ದಿನಗಳಲ್ಲಿ ಊರ ಹತ್ತಿರದ ಕಡಿದಾದ ಏರೊಂದನ್ನು ಹತ್ತುತ್ತಾ ತನ್ನ ಕಾಲುಗಳನ್ನು ನೋಡಿದ ಆ ಹುಡುಗಿಗೆ, ಹೀಗೆಯೇ ತುಳಿಯುತ್ತಾ ಹೋದರೆ ಭಾರತವನ್ನು ಮುಟ್ಟಬಹುದಲ್ಲ ಎಂದು ಹೊಳೆಯಿತಂತೆ. ಕಾಯಿಲೆಯ ತಾಯಿಯ ಆರೈಕೆಯಲ್ಲಿ ವರ್ಷಗಳು ಕಳೆದು, 1963ರ ಜನವರಿಯ ಭೀಕರ ಚಳಿಯಲ್ಲಿ ಅವರು ಸೈಕಲ್ ಹತ್ತಿ ಹೊರಟರು, ಅದೇ ವರ್ಷ ದಿಲ್ಲಿ ತಲುಪಿದರು. ಹತ್ತು ವರ್ಷದ ಮೇಲೆ ಪುಟ್ಟ ಮಗಳ ಕೈಹಿಡಿದು ಮತ್ತೆ ಬಂದು ನಮ್ಮ ಕೊಡಗಿನಲ್ಲಿ ಉಳಿದು, ಆ ನಾಡಿನ ಬಗ್ಗೆ ಬರೆದ ಅವರ ಪುಸ್ತಕ 1976ರಲ್ಲಿ ಪ್ರಕಟವಾಯಿತು. 2022ರಲ್ಲಿ ತೀರಿಕೊಳ್ಳುವವರೆಗೂ ಲಿಸ್ಮೋರಿನಲ್ಲಿಯೇ ಇದ್ದರು. ಕೊಡಗಿನವನಾದ ನಾನು ಆ ಊರಿನ ಏರುಗಳನ್ನು ತುಳಿಯುವಾಗ, ಅವರಿಗೆ ಆ ಯೋಚನೆ ಹೊಳೆದ ಜಾಗ ಯಾವುದಿದ್ದೀತೆಂದು ಪ್ರತಿ ತಿರುವಿನಲ್ಲೂ ಕೇಳಿಕೊಂಡೆ.

ಲಿಸ್ಮೋರಿನಿಂದ ಉತ್ತರಕ್ಕೆ ನಾಕ್‌ಮೀಲ್‌ಡೌನ್ ಬೆಟ್ಟಸಾಲನ್ನು ದಾಟುವ ‘ವೀ’ ಎಂಬ ಘಟ್ಟ, ಆ ದೇಶದಲ್ಲಿ ನಾನು ತುಳಿದ ಏರುಗಳಲ್ಲಿ ಅತ್ಯಂತ ಪ್ರಿಯವಾದದ್ದು. ಮೊದಲು ಕಾಡಿನ ನೆರಳಿನಲ್ಲಿ ಹೊಳೆಯ ಜೊತೆಜೊತೆಗೆ ಮೆಲ್ಲನೆ ಏರಿ, ಆಮೇಲೆ ಬಯಲು ಬೆಟ್ಟಕ್ಕೆ ಬಂದು, ಆಚೆ ಬದಿಯಲ್ಲಿ ಇಂಗ್ಲಿಷಿನ ‘ವಿ’ ಅಕ್ಷರದಂತೆ ತಿರುಗಿ ಕ್ಲಾಹೀನ್ ಕಡೆಗೆ ಇಳಿಯುತ್ತದೆ. ತಿರುವಿನಲ್ಲಿ ನಿಂತರೆ ಟಿಪ್ಪರೇರಿಯ ಬಯಲು ಹೊಲಗಳ ಚೌಕುಳಿಯಾಗಿ ಹರಡಿರುತ್ತದೆ. ಮೇ ಕೊನೆ ಮತ್ತು ಜೂನ್ ತಿಂಗಳಿನಲ್ಲಿ ಇಡೀ ಬೆಟ್ಟದ ಮಗ್ಗುಲು ರೋಡೊಡೆಂಡ್ರನ್ ಹೂವಿನ ನೇರಳೆ ಬಣ್ಣ ತಳೆಯುತ್ತದೆ, ಜನ ಅದನ್ನು ನೋಡಲೆಂದೇ ಬರುತ್ತಾರೆ. ಆದರೆ ಆ ಗಿಡ ಆ ನೆಲದ್ದಲ್ಲ, ಹೊರಗಿನಿಂದ ತಂದು ನೆಟ್ಟದ್ದು. ಅದರ ದಟ್ಟ ನೆರಳಿನಲ್ಲಿ ಓಕ್ ಮರದ ಸಸಿಗಳು ಏಳುವುದೇ ಇಲ್ಲ. ಕಿಲಾರ್ನಿಯ ಹಳೆಯ ಓಕ್ ಕಾಡುಗಳಿಗೂ ಅದೇ ಕುತ್ತು. ನಮ್ಮ ನಾಗರಹೊಳೆ, ಬಂಡೀಪುರಗಳಲ್ಲಿ ಲಂಟಾನ ಮಾಡುತ್ತಿರುವುದನ್ನು ಕಂಡವರಿಗೆ ಆ ಚೆಲುವು ಕಣ್ಣಿಗೆ ಹಿತವಾದರೂ ಮನಸ್ಸಿಗೆ ಹಿತವಾಗುವುದಿಲ್ಲ.

ಗಾಳಿಯ ವಿಷಯವನ್ನೂ ಹೇಳಬೇಕು. ಅಲ್ಲಿ ಹೆಚ್ಚಿನ ದಿನ ಗಾಳಿ ಬೀಸುವುದು ನೈಋತ್ಯದಿಂದ, ಅಟ್ಲಾಂಟಿಕ್ ಸಾಗರದ ಮೇಲಿನಿಂದ. ಆದ್ದರಿಂದ ಪಶ್ಚಿಮ ಕರಾವಳಿಯಲ್ಲಿ ಹಲವು ದಿನ ಸಾಗುವವರು ದಕ್ಷಿಣದಿಂದ ಉತ್ತರಕ್ಕೆ ಹೋಗಬೇಕು. ತಮ್ಮ ಲೇಖನದಲ್ಲಿ ಕೊಟ್ಟ ದಿಕ್ಕು ಇದಕ್ಕೆ ತದ್ವಿರುದ್ಧವಾಗಿತ್ತು. ಎದುರುಗಾಳಿ ಬಲವಾಗಿದ್ದರೆ ಇಳಿಜಾರಿನಲ್ಲೂ ತುಳಿಯಬೇಕಾಗುತ್ತದೆ. ಮಳೆ ನಮ್ಮ ಮುಂಗಾರಿನಂತೆ ಸುರಿಯುವುದಿಲ್ಲ, ಆದರೆ ಪಶ್ಚಿಮದ ಕೆಲವು ಭಾಗಗಳಲ್ಲಿ ವರ್ಷಕ್ಕೆ ಸುಮಾರು 225 ದಿನ ಬರುತ್ತದೆ. ಪೂರ್ವ ಕರಾವಳಿಯಲ್ಲಿ 150 ದಿನ. ಮಳೆಯನ್ನು ತಪ್ಪಿಸಿಕೊಳ್ಳುವ ಯೋಚನೆ ಬಿಟ್ಟು ಒಣ ಕಾಲುಚೀಲ ಇಟ್ಟುಕೊಳ್ಳುವುದು ಮೇಲು. ಜೂನ್ ತಿಂಗಳಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುವುದು ದೊಡ್ಡ ಅನುಕೂಲ.

ಸುರಕ್ಷತೆಯ ದೃಷ್ಟಿಯಿಂದ ಇನ್ನೆರಡು ಮಾತು. ವಾಹನಗಳು ನಮ್ಮಂತೆಯೇ ಎಡಬದಿಯಲ್ಲಿ ಓಡುತ್ತವೆ. ಹಳ್ಳಿಗಾಡಿನ ಸ್ಥಳೀಯ ರಸ್ತೆಗಳಲ್ಲಿ ಗಂಟೆಗೆ 80 ಕಿ.ಮೀ. ಇದ್ದ ವೇಗದ ಮಿತಿಯನ್ನು 2025ರ ಫೆಬ್ರವರಿಯಲ್ಲಿ 60ಕ್ಕೆ ಇಳಿಸಿದರು. ಸೈಕಲ್ ಸವಾರರನ್ನು ಅಪಾಯಕರವಾಗಿ ಹಿಂದಿಕ್ಕುವುದು 2019ರಿಂದ 120 ಯೂರೊ ದಂಡದ ಅಪರಾಧ. ಚಾಲಕರು ಸಾಮಾನ್ಯವಾಗಿ ತಾಳ್ಮೆಯವರು. ಆದರೆ ಹಕ್ಕಿಗಳು ಗೂಡು ಕಟ್ಟುವ ಕಾಲವೆಂದು ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಬೇಲಿ ಕತ್ತರಿಸುವುದನ್ನು ಅಲ್ಲಿನ ವನ್ಯಜೀವಿ ಕಾನೂನು ನಿರ್ಬಂಧಿಸುವುದರಿಂದ, ಬೇಸಗೆಯ ಹೊತ್ತಿಗೆ ಓಣಿಗಳು ಎರಡೂ ಕಡೆಯಿಂದ ಮುಚ್ಚಿಕೊಂಡು ತಿರುವಿನ ಆಚೆ ಏನಿದೆಯೆಂದು ಕಾಣುವುದಿಲ್ಲ. ಸೆಪ್ಟೆಂಬರಿನಲ್ಲಿ ಕತ್ತರಿಸಿದ ಹಾತಾರ್ನ್ ಮುಳ್ಳುಗಳು ರಸ್ತೆಯ ಮೇಲೆ ಬಿದ್ದಿರುತ್ತವೆ. ನನಗೆ ಒಂದೇ ದಿನ ಮೂರು ಪಂಕ್ಚರ್ ಆದದ್ದು ಹೀಗೆ. ಗಾಳಿ ತುಂಬುವ ಟೈರನ್ನು ಡನ್‌ಲಪ್ ಅವರು ರೂಪಿಸಿ 1888ರಲ್ಲಿ ಪೇಟೆಂಟ್ ಪಡೆದದ್ದು ಅದೇ ದ್ವೀಪದ ಬೆಲ್‌ಫಾಸ್ಟ್‌ನಲ್ಲಿ ಎಂಬುದು ಆ ಸಂಜೆ ಟ್ಯೂಬಿಗೆ ತೇಪೆ ಹಾಕುತ್ತಿದ್ದಾಗ ನೆನಪಾಯಿತು. ಅಗಲವಾದ ಟೈರು, ನಂಬಿಕೆಯ ಬ್ರೇಕು, ಹಿಂದಿನ ಹಲ್ಲುಚಕ್ರ ಮುಂದಿನದರಷ್ಟೇ ದೊಡ್ಡದಿರುವ ಒಂದು ಕೊನೆಯ ಗೇರು, ಎರಡು ದೀಪ: ಬಾಡಿಗೆಯ ಅಂಗಡಿಯಲ್ಲಿ ಇವನ್ನು ಕೇಳಿ ಪಡೆಯಬೇಕು. ರೈಲಿನಲ್ಲಿ ಸೈಕಲ್ಲಿಗೆ ಜಾಗ ಬಹಳ ಕಡಿಮೆಯಾದ್ದರಿಂದ ಅದನ್ನೂ ಮುಂಚೆಯೇ ಕಾದಿರಿಸಬೇಕು.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಡಬ್ಲಿನ್, ಕಾರ್ಕ್‌ಗಳಲ್ಲಿ ನೆಲೆಸಿರುವ ಕನ್ನಡಿಗರು ತಮ್ಮ ಪತ್ರಿಕೆಯನ್ನು ಅಂತರ್ಜಾಲದಲ್ಲಿ ಓದುತ್ತಾರೆ, ಊರಿನಿಂದ ಬರುವ ತಂದೆ ತಾಯಂದಿರನ್ನೂ ಗೆಳೆಯರನ್ನೂ ಅದರ ಸಲಹೆಯ ಮೇಲೆ ಕರೆದೊಯ್ಯುತ್ತಾರೆ. ಮುಂದೆ ಇಂಥ ಹಾದಿಗಳನ್ನು ಪ್ರಕಟಿಸುವಾಗ ಪ್ರತಿಯೊಂದರ ಉದ್ದದ ಪಕ್ಕದಲ್ಲಿ ಒಟ್ಟು ಏರು ಎಷ್ಟು ಮೀಟರ್, ಅತಿ ಕಡಿದಾದ ಏರು ಎಲ್ಲಿದೆ, ಯಾವ ದಿಕ್ಕಿನಿಂದ ಹೋಗುವುದು ಲೇಸು ಎಂಬ ಮೂರು ಸಂಗತಿಗಳನ್ನು ಕೊಡಬೇಕು. ಸ್ಯಾಲಿ ಗ್ಯಾಪ್, ವಿಕ್ಲೋ ಗ್ಯಾಪ್, ವೀ, ಹೀಲಿ ಪಾಸ್ ಮತ್ತು ಬಲಾಬೀಮಾ, ಈ ಐದು ಘಟ್ಟಗಳ ಏರಿಳಿತದ ಸೀಳುನಕ್ಷೆಗಳನ್ನು ನಾನು ಹಳೆಯ ಅಭ್ಯಾಸದಂತೆ ಗ್ರಾಫ್ ಹಾಳೆಯ ಮೇಲೆ ಬಿಡಿಸಿಟ್ಟುಕೊಂಡಿದ್ದೇನೆ. ಬೇಸಗೆಯ ರಜೆಗೆ ಮುನ್ನ ಪುರವಣಿಯಲ್ಲಿ ಅವಕ್ಕೆ ಜಾಗವಿದ್ದರೆ ತಿಳಿಸಿ, ಶುದ್ಧಪ್ರತಿ ಮಾಡಿ ಕಳುಹಿಸಿಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ರಸ್ತೆ ಎಂಜಿನಿಯರ್, ಮಡಿಕೇರಿ